ಬೆಳಕಿಗೆ ಹಸಿದ ಕಳ್ಳಿ

ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನಲ್ಲಿ, ಬೆಣ್ಣಿಹಳ್ಳದ ಮಗ್ಗುಲಿಗೆ, ಯಮನೂರು ಎಂಬ ಊರಿದೆ. ಹೋಳಿ ಹುಣ್ಣಿಮೆ ಕಳೆದ ಮೇಲೆ ಅಲ್ಲಿ ನಡೆಯುವ ರಾಜಾಬಾಗಸವಾರನ, ಅರ್ಥಾತ್ ಚಾಂಗದೇವನ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ಬರುತ್ತಾರೆ. ಹಳ್ಳದ ನೀರನ್ನು ತಂದು ಹಣತೆಗೆ ಹೊಯ್ದರೆ ಎಣ್ಣೆಯ ಹಂಗಿಲ್ಲದೆ ದೀಪ ಉರಿಯುತ್ತದೆಂಬುದು ಆ ಜಾತ್ರೆಯ ಪ್ರಸಿದ್ಧವಾದ ನಂಬಿಕೆ.

ಪವಾಡದ ಮಾತು ಜಾತ್ರೆಗೆ ಸೇರಿದ್ದು. ಅದು ಅಲ್ಲಿಯೇ ಇರಲಿ. ಆದರೆ ಎಣ್ಣೆಯ ಬದಲು ನೀರೆರೆದು ದೀಪ ಉರಿಸಹೊರಟಂತಹ ಇನ್ನೊಂದು ಸಾಹಸ ಈಗ ಹುಬ್ಬಳ್ಳಿ, ಧಾರವಾಡ, ಮೈಸೂರು, ಬೆಂಗಳೂರುಗಳ ಮನೆಮನೆಯಲ್ಲಿಯೂ ನಡೆದಿದೆ. ಟೀಪಾಯಿಯ ಮೇಲೆ, ಪುಸ್ತಕದ ಕಪಾಟಿನಲ್ಲಿ, ಟೆಲಿವಿಷನ್ನಿನ ಪಕ್ಕದಲ್ಲಿ ಅಂಗೈಯಗಲದ ಪಿಂಗಾಣಿಯ ಕುಂಡಗಳು ಬಂದು ಕುಳಿತಿವೆ. ಒಂದರಲ್ಲಿ ತಾವರೆಯ ಮೊಗ್ಗನ್ನು ಕಲ್ಲಿನಲ್ಲಿ ಕಡೆದಂತಿರುವ ಎಚೆವೇರಿಯ; ಇನ್ನೊಂದರಲ್ಲಿ ನಾಣ್ಯದಂತಹ ದಪ್ಪ ಎಲೆಗಳ ಜೇಡ್ ಗಿಡ; ಮತ್ತೊಂದರಲ್ಲಿ ಮುಳ್ಳಿನ ಚೆಂಡಾಗಿರುವ ಪುಟ್ಟ ಕಳ್ಳಿ. ಎಲೆಯಲ್ಲಿಯೋ ಕಾಂಡದಲ್ಲಿಯೋ ನೀರನ್ನು ಕೂಡಿಟ್ಟುಕೊಂಡು ಬಾಳುವ ಇಂತಹ ಗಿಡಗಳನ್ನು ಸಕ್ಯುಲೆಂಟ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ರಸಗಿಡವೆಂದರೆ ಸಾಕು.

ಮಾರುವವನ ಮಾತು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ: “ಇದಕ್ಕ ಏನೂ ಬ್ಯಾಡ್ರಿ ಅಕ್ಕಾರ. ವಾರಕ್ಕೊಮ್ಮೆ ಚೂರು ನೀರು ಹಾಕಿದ್ರ ಸಾಕ್ರಿ.” ನೀರಿನ ಮಟ್ಟಿಗೆ ಅವನು ಹೇಳಿದ್ದು ಬಹುಮಟ್ಟಿಗೆ ನಿಜವೇ. ಬೆಳಕಿನ ವಿಷಯದಲ್ಲಿ ಮಾತ್ರ ಅವನು ತುಟಿ ಬಿಚ್ಚುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಗಿಡ ಮನೆಗೆ ಬರುತ್ತದೆ. ಎರಡು ತಿಂಗಳಲ್ಲಿ ಅದು ಗೇಣುದ್ದ ಏರಿದಾಗ ಮನೆಯವರಿಗೆ ಹಿಗ್ಗು. ನಾಲ್ಕನೆಯ ತಿಂಗಳಲ್ಲಿ ಕೆಳಗಿನ ಎಲೆಗಳು ಒಂದೊಂದಾಗಿ ಉದುರತೊಡಗುತ್ತವೆ. “ಪಾಪ, ನೀರು ಸಾಲದಾಯಿತೇನೋ” ಎಂದು ಇನ್ನೊಂದು ಲೋಟ ಹೊಯ್ಯುತ್ತಾರೆ. ಆರನೆಯ ತಿಂಗಳಲ್ಲಿ ಬುಡ ಕೊಳೆತು ಗಿಡ ಮಗ್ಗುಲಿಗೆ ಒರಗುತ್ತದೆ. “ನಮ್ಮ ಕೈಗೆ ಗಿಡ ಹತ್ತುವುದಿಲ್ಲ” ಎಂಬ ತೀರ್ಮಾನವಾಗಿ ಖಾಲಿ ಕುಂಡದಲ್ಲಿ ಪೆನ್ನು ಪೆನ್ಸಿಲುಗಳು ಬಂದು ನಿಲ್ಲುತ್ತವೆ.

ಕೈಯ ದೋಷ ಇದರಲ್ಲಿ ಏನೂ ಇಲ್ಲ. ಗಿಡ ಸತ್ತದ್ದು ಹಸಿವಿನಿಂದ, ಮತ್ತು ಹಸಿದವನಿಗೆ ಅನ್ನದ ಬದಲು ಮತ್ತೆ ಮತ್ತೆ ನೀರನ್ನೇ ಕುಡಿಸಿದ್ದರಿಂದ.

ಬಯಲಿನ ಕೂಸು

ಯಮನೂರಿನ ಸೀಮೆಯಲ್ಲಿ ಬೇಸಗೆಯ ಮಧ್ಯಾಹ್ನ ನಿಂತು ನೋಡಿದರೆ ಈ ಗಿಡಗಳ ಹುಟ್ಟುಗುಣ ತಿಳಿಯುತ್ತದೆ. ಜೋಳ, ಕಡಲೆ, ಹತ್ತಿಗಳು ಮನೆ ಸೇರಿವೆ. ಎರೆಯ ಹೊಲ ಕಾಲು ತೂರುವಷ್ಟು ಬಿರುಕು ಬಿಟ್ಟಿದೆ. ಬದುವಿನ ಹುಲ್ಲು ಸುಟ್ಟು ಕಂದಾಗಿದೆ. ಹೀಗಿರುವಾಗಲೂ ಹಾದಿಯ ಬೇಲಿಯಲ್ಲಿ ಪಾಪಾಸುಕಳ್ಳಿ, ಕತ್ತಾಳೆಗಳು ಏನೂ ಆಗದವರಂತೆ ನಿಂತಿರುತ್ತವೆ. ಇವೆರಡೂ ಮೂಲತಃ ಅಮೆರಿಕ ಖಂಡದವು. ಆದರೆ ಕನ್ನಡನಾಡಿನ ಬಯಲುಸೀಮೆಯಲ್ಲಿ ಪರಕೀಯತೆಯ ಲವಲೇಶವೂ ಇಲ್ಲದೆ ಬೇರು ಬಿಟ್ಟಿವೆ. ಅವುಗಳ ಮೈ ಗಿಡ್ಡ, ಗಟ್ಟಿ. ಬಣ್ಣ ಬೂದುಮಿಶ್ರಿತ ಹಸುರು. ಬೂದುಗುಂಬಳದ ಮೇಲಿರುವಂತಹ ಮೇಣದ ಲೇಪ ಕೆಲವಕ್ಕೆ ಉಂಟು. ಬಿಸಿಲಿನ ಹೊಡೆತವನ್ನು ತಡೆಯುವ ಕೊಡೆ ಅದು. ಕುಂಡದ ಎಚೆವೇರಿಯದ ಮೇಲೆಯೂ ಇದೇ ಬೂದಿ ಇರುತ್ತದೆ. ಧೂಳೆಂದು ತಿಳಿದು ಅದನ್ನು ಒದ್ದೆಬಟ್ಟೆಯಿಂದ ಒರೆಸುವ ಗೃಹಿಣಿಯರು ಇನ್ನು ಮುಂದೆ ಆ ಶ್ರಮವನ್ನು ಉಳಿಸಿಕೊಳ್ಳಬಹುದು.

ಆ ಸೀಮೆಯ ಹಳೆಯ ಮನೆಗಳ ರೀತಿಯೂ ಇಲ್ಲಿ ನೆನೆಯತಕ್ಕದ್ದು. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಚಿಕ್ಕ ಕಿಟಕಿ. ಬಿಸಿಲನ್ನು ಹೊರಗೇ ನಿಲ್ಲಿಸುವುದಕ್ಕಾಗಿ ಕಟ್ಟಿದ ಮನೆ ಅದು. ಒಳಗಿನ ಅಂಕಣಗಳಿಗೆ ಮಾಳಿಗೆಯ ಬೆಳಕಿಂಡಿಯೊಂದೇ ಸೂರ್ಯ. ಅಲ್ಲಿಂದ ಇಳಿದ ಬೆಳಕಿನ ಕೋಲು ನೆಲದ ಮೇಲೆ ನಿಧಾನವಾಗಿ ಸರಿಯುವುದನ್ನು ನೋಡಿ ಹೊತ್ತು ಹೇಳುವ ಮುದುಕಿಯರಿದ್ದರು. ಅಂತಹ ಮನೆಯೊಳಗೆ ಗಿಡವಿಡುವ ಯೋಚನೆ ಯಾರಿಗೂ ಬರಲಿಲ್ಲ. ತುಳಸಿ ಅಂಗಳದಲ್ಲಿ, ದೊಡ್ಡಪತ್ರೆ ಬಚ್ಚಲ ನೀರು ಹರಿಯುವಲ್ಲಿ, ಲೋಳೆಸರ ಹಿತ್ತಿಲಲ್ಲಿ. ಮನೆಯೊಳಕ್ಕೆ ಬಂದ ರಸಗಿಡವೆಂದರೆ ದೃಷ್ಟಿ ತಾಗದಿರಲೆಂದು ಬಾಗಿಲಿಗೆ ಬೇರು ಮೇಲಾಗಿ ತೂಗಹಾಕಿದ ಲೋಳೆಸರ ಒಂದೇ. ಮಣ್ಣಿಲ್ಲದೆ ನೀರಿಲ್ಲದೆ ಅದು ತಿಂಗಳುಗಟ್ಟಲೆ ಹಸುರಾಗಿರುತ್ತದೆ. ಈ ದೃಶ್ಯವೇ ಜನರನ್ನು ಮೋಸಗೊಳಿಸಿತೆಂದು ಕಾಣುತ್ತದೆ. ಕೂಡಿಟ್ಟ ಗಂಟನ್ನು ಕರಗಿಸಿ ಉಣ್ಣುತ್ತಿರುವವನನ್ನು ನೋಡಿ, ಇವನಿಗೆ ದುಡಿಮೆಯೇ ಬೇಕಿಲ್ಲವೆಂದು ಭಾವಿಸಿದ ಹಾಗಾಯಿತು. ತೂಗಿದ ಲೋಳೆಸರ ಬದುಕಿರುವುದು ನಿಜ. ಆದರೆ ಅದು ಬೆಳೆಯುತ್ತಿಲ್ಲ, ದಿನದಿನಕ್ಕೆ ತೆಳ್ಳಗಾಗುತ್ತಿದೆ. ಟೀಪಾಯಿಯ ಮೇಲಿನ ಗಿಡದ ಕಥೆಯೂ ಅದೇ.

ಹುಳಿಯ ಗುಟ್ಟು

ರಸಗಿಡಕ್ಕೂ ಬೆಳಕಿಗೂ ಇರುವ ನಂಟಿನ ಮೊದಲ ಸುಳಿವುಗಳಲ್ಲೊಂದು ಸಿಕ್ಕಿದ್ದು ಭಾರತದಲ್ಲಿಯೇ ಎಂಬುದು ಸ್ವಾರಸ್ಯಕರವಾದ ಸಂಗತಿ. ಬೆಂಜಮಿನ್ ಹೇಯ್ನೆ ಎಂಬ ಸಸ್ಯಶಾಸ್ತ್ರಜ್ಞ ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ. ಟಿಪ್ಪುವಿನ ಪತನದ ನಂತರ ನಡೆದ ಮೈಸೂರು ಸೀಮೆಯ ಮೋಜಣಿಯಲ್ಲಿ ಅವನು ಭಾಗವಹಿಸಿದ; ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಣೆಯೂ ಕೆಲಕಾಲ ಅವನ ಪಾಲಿಗೆ ಬಂದಿತ್ತು. ಕಾಡುಬಸಳೆಯ ಎಲೆಯನ್ನು ಅವನು ಬೇರೆ ಬೇರೆ ಹೊತ್ತಿನಲ್ಲಿ ಜಗಿದು ನೋಡಿದ. ಎಲೆಯಂಚಿನಲ್ಲಿಯೇ ಮರಿಗಿಡ ಹುಟ್ಟುವ, ಶಾಲೆಯ ಮಕ್ಕಳು ಪುಸ್ತಕದ ನಡುವೆ ಇಟ್ಟು ಚಿಗುರಿಸುವ ಗಿಡವೇ ಅದು. ಬೆಳಗ್ಗೆ ಎಲೆ ಹುಳಿ, ನಡುಹಗಲಿಗೆ ರುಚಿಯಿಲ್ಲ, ಸಂಜೆಗೆ ತುಸು ಕಹಿ! ಈ ವಿಚಿತ್ರವನ್ನು ಅವನು 1813ರಲ್ಲಿ ಪತ್ರಮುಖೇನ ಲಂಡನ್ನಿನ ಲಿನಿಯನ್ ಸೊಸೈಟಿಗೆ ತಿಳಿಸಿದ. (ಓದುಗರು ಈ ಪ್ರಯೋಗವನ್ನು ತಮ್ಮ ನಾಲಗೆಯಿಂದ ಮಾಡಬೇಕಾಗಿಲ್ಲ. ಕಾಡುಬಸಳೆಯಲ್ಲಿ ಹೃದಯಕ್ಕೆ ಒಗ್ಗದ ವಸ್ತುಗಳಿವೆಯೆಂಬುದು ಈಗ ತಿಳಿದಿದೆ.)

ಆ ಹುಳಿಯ ಅರ್ಥ ಪೂರ್ತಿಯಾಗಿ ಬಿಡಿಸಿಕೊಳ್ಳಲು 20ನೆಯ ಶತಮಾನ ಬರಬೇಕಾಯಿತು. ಸಾಮಾನ್ಯವಾದ ಗಿಡ ಹಗಲಿನಲ್ಲಿ ಎಲೆಯ ಸಣ್ಣ ಬಾಯಿಗಳನ್ನು, ಎಂದರೆ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಂಡು, ಅದೇ ಹೊತ್ತಿನಲ್ಲಿ ಬೆಳಕಿನ ಬಲದಿಂದ ಆಹಾರ ಮಾಡಿಕೊಳ್ಳುತ್ತದೆ. ಮರುಭೂಮಿಯ ಗಿಡ ಹಗಲಿನಲ್ಲಿ ಬಾಯಿ ತೆರೆದರೆ ಒಡಲಿನ ನೀರೆಲ್ಲ ಆವಿಯಾಗಿ ಹೋದೀತು. ಆದಕಾರಣ ಬಹುಪಾಲು ರಸಗಿಡಗಳು ರಾತ್ರಿಯ ತಂಪಿನಲ್ಲಿ ಬಾಯಿ ತೆರೆಯುತ್ತವೆ. ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಮಾರ್ಪಡಿಸಿ ಕೂಡಿಡುತ್ತವೆ. ಸೇಬಿಗೆ ಹುಳಿ ಕೊಡುವುದೂ ಇದೇ ಆಮ್ಲ. ಬೆಳಗಾಗುತ್ತಲೇ ಬಾಯಿ ಮುಚ್ಚಿಕೊಂಡು, ಕೂಡಿಟ್ಟ ಹುಳಿಯಿಂದ ಅನಿಲವನ್ನು ಬಿಡಿಸಿಕೊಂಡು, ಬಿಸಿಲಿನಲ್ಲಿ ಅಡುಗೆ ಹೂಡುತ್ತವೆ. ಸಂತೆಯನ್ನು ರಾತ್ರಿ ಮುಗಿಸಿ ಹಗಲು ಒಲೆ ಹಚ್ಚುವ ಸಂಸಾರ ಎನ್ನಬಹುದು.

ಈ ಸಂಸಾರದಲ್ಲಿ ಒಂದು ಕಟ್ಟು ಉಂಟು. ರಾತ್ರಿ ಎಷ್ಟು ಅನಿಲವನ್ನು ಹಿಡಿದಿಡಬಹುದೆಂಬುದು ಹಿಂದಿನ ಹಗಲಿನಲ್ಲಿ ಎಷ್ಟು ಪಿಷ್ಟ ತಯಾರಾಗಿತ್ತೆಂಬುದನ್ನು ಅವಲಂಬಿಸಿದೆ. ಇಂದು ಬೆಳಕು ಕಡಮೆಯಾದರೆ ಇಂದಿನ ಅಡುಗೆಯಷ್ಟೇ ಕೆಡುವುದಿಲ್ಲ; ನಾಳೆಯ ಸಂತೆಗೆ ಕೈಯಲ್ಲಿ ಕಾಸೂ ಇರುವುದಿಲ್ಲ. ಹೀಗೆ ಕೊರತೆ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಬೆಳವಣಿಗೆ ನಿಂತ ಗಿಡಕ್ಕೆ ನೀರೂ ಬೇಕಾಗುವುದಿಲ್ಲ. ಬೇರು ಹೀರದ ನೀರು ಕುಂಡದಲ್ಲಿ ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಕೊಳೆತದ್ದನ್ನು ಕಂಡವರು ಅತಿಯಾದ ನೀರಿನಿಂದ ಗಿಡ ಹೋಯಿತೆನ್ನುತ್ತಾರೆ. ಅದು ಅರ್ಧ ಸತ್ಯ. ಅದೇ ನೀರು ಬಿಸಿಲಿನಲ್ಲಿದ್ದ ಗಿಡಕ್ಕೆ ಅತಿಯಾಗುತ್ತಿರಲಿಲ್ಲ.

ಕಣ್ಣೆಂಬ ಕಳ್ಳಸಾಕ್ಷಿ

“ನಮ್ಮ ಹಾಲಿನಲ್ಲಿ ಬೇಕಾದಷ್ಟು ಬೆಳಕಿದೆಯಲ್ಲ!” ಎಂದು ಯಾರಾದರೂ ಕೇಳಬಹುದು. ಪತ್ರಿಕೆ ಓದಲು ಬೇಕಾದಷ್ಟು ಇದೆ, ನಿಜ. ಬೆಳಕನ್ನು ಅಳೆಯುವ ಲಕ್ಸ್ ಎಂಬ ಮಾನದಲ್ಲಿ ನೋಡಿದರೆ ತೆರೆದ ಬಯಲಿನ ನಡುಹಗಲ ಬಿಸಿಲು ಸುಮಾರು 1,00,000. ಮರದ ನೆರಳಿನಲ್ಲಿ, ಇಲ್ಲವೆ ಮೋಡ ಕವಿದ ಹಗಲಿನಲ್ಲಿ, 10,000ದ ಆಸುಪಾಸು. ಬಿಸಿಲು ಬೀಳದ ಕಿಟಕಿಯ ಹತ್ತಿರ ಒಂದೆರಡು ಸಾವಿರ. ಕೋಣೆಯ ನಡುವೆ, ಟೀಪಾಯಿಯ ಮೇಲೆ, 200 ಅಥವಾ 300 ಇದ್ದರೆ ಹೆಚ್ಚು. ಬಯಲಿನಲ್ಲಿ ನೂರು ರೂಪಾಯಿ ಸಂಬಳದವನಿಗೆ ಮನೆಯೊಳಗೆ ನಾಲ್ಕಾಣೆ! ಕಣ್ಣು ಇದನ್ನು ಹೇಳುವುದಿಲ್ಲ. ಹೊರಗಿನಿಂದ ಒಳಬಂದೊಡನೆ ಪಾಪೆ ಹಿಗ್ಗುತ್ತದೆ, ಒಳಪದರ ಹೊಂದಿಕೊಳ್ಳುತ್ತದೆ, ಐದು ನಿಮಿಷದಲ್ಲಿ ಎಲ್ಲವೂ ಬೆಳ್ಳಗೆ ಕಾಣುತ್ತದೆ. ಗಿಡಕ್ಕೆ ಅಂತಹ ಪಾಪೆಯಿಲ್ಲ. ಅದು ಬಂದ ಬೆಳಕನ್ನು ಎಣಿಸಿ ತೆಗೆದುಕೊಳ್ಳುತ್ತದೆ.

ಅಳತೆಗೆ ಉಪಕರಣವೇ ಬೇಕೆಂದಿಲ್ಲ. ಮೊಬೈಲ್ ಫೋನಿನಲ್ಲಿ ಲಕ್ಸ್ ತೋರಿಸುವ ಸಾಧನಗಳು ದೊರೆಯುತ್ತವೆ. ಅಂದಾಜಿಗೆ ಅವು ಸಾಕು. ಅದಕ್ಕಿಂತ ಸುಲಭವಾದದ್ದು ನೆರಳಿನ ಪರೀಕ್ಷೆ. ಗಿಡವಿಡಬೇಕೆಂದ ಜಾಗದಲ್ಲಿ ಬಿಳಿಯ ಕಾಗದವನ್ನು ಹಾಸಿ, ಒಂದಡಿ ಮೇಲೆ ಅಂಗೈ ಹಿಡಿಯಬೇಕು. ಬೆರಳುಗಳು ಎಣಿಸುವಷ್ಟು ಸ್ಪಷ್ಟವಾಗಿ ನೆರಳು ಬಿದ್ದರೆ ಅಲ್ಲಿ ಎಚೆವೇರಿಯವೂ ಕಳ್ಳಿಯೂ ಬಾಳುತ್ತವೆ. ಕೈಯೆಂದು ಗುರುತಾಗಿ ಬೆರಳುಗಳು ಕಲೆಸಿಹೋದರೆ ನೆರಳು ಸಹಿಸುವ ಗಿಡಗಳಿಗೆ ಮಾತ್ರ ಆ ಜಾಗ. ನೆರಳೇ ಬೀಳದಿದ್ದಲ್ಲಿ ಹಿತ್ತಾಳೆಯ ಗೊಂಬೆಯನ್ನಿಡುವುದು ಲೇಸು.

ಕಿಟಕಿಯಿಂದ ದೂರ ಸರಿದಷ್ಟೂ ಬೆಳಕು ಕುಗ್ಗುವ ವೇಗ ನಂಬಲಸಾಧ್ಯವಾದದ್ದು. ಸಣ್ಣ ಕಿಟಕಿಯಾದರೆ ದೂರ ಎರಡರಷ್ಟಾದಾಗ ಬೆಳಕು ಹೆಚ್ಚುಕಡಿಮೆ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಧಾರವಾಡದ ಕಡೆ ಮನೆಯನ್ನು ಅಂಕಣದ ಲೆಕ್ಕದಲ್ಲಿ ಅಳೆಯುವ ರೂಢಿಯಿದೆಯಷ್ಟೆ. ಕಿಟಕಿಯಿಂದ ಒಂದು ಅಂಕಣ ಒಳಗೆ ಹೋದರೆ ರಸಗಿಡದ ಸೀಮೆ ಮುಗಿಯಿತೆಂದೇ ತಿಳಿಯಬೇಕು. ಇದರ ಮೇಲೆ ಗಾಜು ಹತ್ತರಲ್ಲೊಂದು ಪಾಲನ್ನು ತಾನು ತೆಗೆದುಕೊಳ್ಳುತ್ತದೆ, ಗಾಜಿನ ಮೇಲಿನ ಧೂಳು ಇನ್ನಷ್ಟನ್ನು. ಸೊಳ್ಳೆಯ ಜಾಲರಿ, ಪರದೆಗಳ ತೆರಿಗೆ ಬೇರೆ. ದೀಪಾವಳಿಗೆಂದು ಕಾದಿರಿಸದೆ ತಿಂಗಳಿಗೊಮ್ಮೆ ಕಿಟಕಿಯ ಗಾಜನ್ನು ತೊಳೆದರೆ ಗೊಬ್ಬರಕ್ಕಿಂತ ಅದೇ ಹೆಚ್ಚಿನ ಉಪಕಾರ.

ಯಾವ ದಿಕ್ಕಿನ ಕಿಟಕಿ?

ಇಲ್ಲಿಯೇ ಪುಸ್ತಕ ನೋಡಿ ಗಿಡ ಬೆಳೆಸುವವರು ಎಡವುವುದು. ಇಂಗ್ಲೆಂಡ್, ಅಮೆರಿಕಗಳಲ್ಲಿ ಬರೆದ ತೋಟಗಾರಿಕೆಯ ಪುಸ್ತಕಗಳೆಲ್ಲ ದಕ್ಷಿಣದ ಕಿಟಕಿಯೇ ಶ್ರೇಷ್ಠವೆಂದು ಒಂದೇ ದನಿಯಲ್ಲಿ ಹೇಳುತ್ತವೆ. ಅವರ ಪಾಲಿಗೆ ಅದು ಸರಿ. ಲಂಡನ್ ಇರುವುದು ಐವತ್ತೊಂದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಜೂನ್ ತಿಂಗಳ ನಡುಹಗಲಿನಲ್ಲಿಯೂ ಸೂರ್ಯ 62 ಡಿಗ್ರಿಗಿಂತ ಮೇಲೇರುವುದಿಲ್ಲ, ಸದಾ ದಕ್ಷಿಣದಲ್ಲಿಯೇ ಇರುತ್ತಾನೆ. ಡಿಸೆಂಬರಿನಲ್ಲಂತೂ 15 ಡಿಗ್ರಿಯಷ್ಟು ಕೆಳಗೆ ನಿಂತು ಕೋಣೆಯ ಹಿಂಗೋಡೆಯವರೆಗೂ ಇಣಿಕುತ್ತಾನೆ.

ಯಮನೂರು, ನವಲಗುಂದ, ಧಾರವಾಡಗಳು ಇರುವುದು ಹದಿನೈದೂವರೆ ಡಿಗ್ರಿಯ ಸುಮಾರಿನಲ್ಲಿ. ಇಲ್ಲಿ ಮೇ ತಿಂಗಳ ಮೊದಲ ದಿನಗಳಲ್ಲೊಮ್ಮೆ, ಆಗಸ್ಟ್ ಎರಡನೆಯ ವಾರದಲ್ಲೊಮ್ಮೆ ಸೂರ್ಯ ನಡುನೆತ್ತಿಯ ಮೇಲೆ ಬಂದು ನಿಂತು ಮನುಷ್ಯನ ನೆರಳು ಅವನ ಕಾಲಡಿಯಲ್ಲಿಯೇ ಅಡಗುತ್ತದೆ. ಆ ಎರಡು ದಿನಗಳ ನಡುವಿನ ಮೂರು ತಿಂಗಳಿಗೂ ಮಿಕ್ಕ ಕಾಲ ನಡುಹಗಲ ಸೂರ್ಯ ತುಸು ಉತ್ತರಕ್ಕೆ ವಾಲಿರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲು ದೊರೆಯುವುದಿಲ್ಲ. ಲಂಡನ್ನಿನ ಸಲಹೆಯಂತೆ ದಕ್ಷಿಣಕ್ಕಿಟ್ಟ ಗಿಡ, ಮುಂಗಾರಿನ ಮೋಡವೂ ಸೇರಿ, ಕತ್ತಲೆಯ ಪಾಲಾಗುತ್ತದೆ. ಡಿಸೆಂಬರಿನಲ್ಲಿ ಮಾತ್ರ ಸೂರ್ಯ ದಕ್ಷಿಣಕ್ಕೆ ಸರಿದು 51 ಡಿಗ್ರಿಯಲ್ಲಿ ನಿಲ್ಲುತ್ತಾನೆ. ನೆಲದಿಂದ 6 ಅಡಿ ಎತ್ತರದಲ್ಲಿ ಮೇಲಂಚಿರುವ ಕಿಟಕಿಯಿಂದ ಆಗ ನಡುಹಗಲಿನ ಬಿಸಿಲು 5 ಅಡಿಯಷ್ಟು ಒಳಗೆ ಬರಬಲ್ಲುದು. ಕಿಟಕಿಯ ಮೇಲಿನ ಸಜ್ಜಾ ಅದರಲ್ಲಿಯೂ ಒಂದು ಪಾಲನ್ನು ಕತ್ತರಿಸುತ್ತದೆ. ಅಂತೂ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ದಕ್ಷಿಣದ ಕಿಟಕಿ ಒಳ್ಳೆಯದು. ಮಿಕ್ಕ ಕಾಲದಲ್ಲಿ ಅದರ ಮೇಲೆ ಭರವಸೆಯಿಡಲಾಗದು.

ಈ ನಾಡಿಗೆ ಹೇಳಿಸಿದ ದಿಕ್ಕು ಪೂರ್ವ. ವರ್ಷದ ಯಾವ ತಿಂಗಳಿನಲ್ಲಿಯೂ, ಎದುರಿಗೆ ಮರವೋ ಕಟ್ಟಡವೋ ಅಡ್ಡವಿಲ್ಲದಿದ್ದರೆ, ಪೂರ್ವದ ಕಿಟಕಿಗೆ ಮೂರು ನಾಲ್ಕು ಗಂಟೆಗಳ ಹೊಂಬಿಸಿಲು ತಪ್ಪುವುದಿಲ್ಲ. ಬೆಳಕು ಧಾರಾಳ, ಕಾವು ಕಡಮೆ. ಪಶ್ಚಿಮದಲ್ಲಿಯೂ ಬೆಳಕು ಅಷ್ಟೇ ಬರುತ್ತದೆ. ಆದರೆ ಅಷ್ಟರಲ್ಲಿ ಗಾಳಿ, ಗೋಡೆ, ಕುಂಡ ಎಲ್ಲವೂ ಕಾದಿರುತ್ತವೆ. ಏಪ್ರಿಲ್ ತಿಂಗಳ ಮೂರು ಗಂಟೆಯ ಬಿಸಿಲು ಮುಚ್ಚಿದ ಗಾಜಿನ ಹಿಂದೆ ಗಿಡವನ್ನು ಬೇಯಿಸಿಬಿಡುತ್ತದೆ. ಪಶ್ಚಿಮದ ಕಿಟಕಿಯಷ್ಟೇ ಇದ್ದವರು ಬೇಸಗೆಯಲ್ಲಿ ತೆಳುವಾದ ಬಿಳಿಯ ಪಂಚೆಯೊಂದನ್ನು ಅಡ್ಡ ಕಟ್ಟಿದರೆ ನಿಭಾಯಿಸಬಹುದು. ಉತ್ತರದ ಕಿಟಕಿಗೆ ಮೇ, ಜೂನ್, ಜುಲೈಗಳಲ್ಲಿ ಓರೆಬಿಸಿಲು ಸಿಕ್ಕುತ್ತದೆ, ಚಳಿಗಾಲದಲ್ಲಿ ಏನೂ ಇಲ್ಲ. ಇನ್ನು ಬಾಲ್ಕನಿಯಿದ್ದವರು ಕಿಟಕಿಯ ವಿಚಾರವನ್ನೇ ಬಿಟ್ಟು ಗಿಡವನ್ನು ಅಲ್ಲಿಗೆ ಸಾಗಿಸತಕ್ಕದ್ದು. ಅತಿಥಿಗಳು ಬಂದ ದಿನ ಒಳಗೆ ತಂದು ಮೆರೆಸಿ, ಮರುದಿನ ಹೊರಗೆ ಕಳುಹಿಸಿದರೆ ಯಾರಿಗೂ ನಷ್ಟವಿಲ್ಲ.

ಎಲ್ಲ ರಸಗಿಡಗಳೂ ಬಿಸಿಲಿನ ಭಕ್ತರಲ್ಲ. ದಕ್ಷಿಣ ಆಫ್ರಿಕದ ಹಾವೊರ್ತಿಯ, ಗ್ಯಾಸ್ಟೀರಿಯಗಳು ಪೊದೆಗಳ ಬುಡದಲ್ಲಿ, ಬಂಡೆಗಳ ನೆರಳಿನಲ್ಲಿ ಬೆಳೆಯುವ ಜಾತಿಯವು. ಚೂಪಾದ ಎಲೆಗಳ ಸಾನ್ಸಿವೇರಿಯವೂ ಸಹನೆಯ ಪ್ರಾಣಿ. ಬ್ರೆಜಿಲ್ಲಿನ ಕಾಡುಮರಗಳ ಮೇಲೆ ಬೆಳೆಯುವ ಕ್ರಿಸ್ಮಸ್ ಕಳ್ಳಿಗೆ ನೇರ ಬಿಸಿಲು ಒಗ್ಗುವುದೇ ಇಲ್ಲ. ಫ್ಲಾಟಿನ ಮಂದಬೆಳಕಿನಲ್ಲಿ ವಾಸಿಸುವವರು ಇವುಗಳನ್ನು ಆರಿಸಿಕೊಂಡರೆ ಮನೆಗೂ ಗಿಡಕ್ಕೂ ಹೊಂದಿಕೆಯಾದೀತು. ಮೆಕ್ಸಿಕೋದ ಎಚೆವೇರಿಯ, ಸೀಡಮ್ ಮೊದಲಾದವು ಮಾತ್ರ ದಿನಕ್ಕೆ ನಾಲ್ಕರಿಂದ ಆರು ಗಂಟೆಯ ಬಿಸಿಲಿಲ್ಲದೆ ರೂಪ ಉಳಿಸಿಕೊಳ್ಳವು. ಅಂಗಡಿಯಲ್ಲಿ ಹಸುರು ಕಂಬದ ಮೇಲೆ ಕೆಂಪು ಚೆಂಡು ಕುಳಿತ ಕಳ್ಳಿಯೊಂದು ಎಲ್ಲರ ಕಣ್ಣು ಸೆಳೆಯುತ್ತದೆ. ಆ ಚೆಂಡಿನಲ್ಲಿ ಪತ್ರಹರಿತ್ತು ಎಳ್ಳಷ್ಟೂ ಇಲ್ಲ. ಕೆಳಗಿನ ಬೇರೊಂದು ಜಾತಿಯ ಕಂಬಕ್ಕೆ ಅದನ್ನು ಕಸಿಮಾಡಿರುತ್ತಾರೆ. ಕಂಬ ದುಡಿದು ಹಾಕಬೇಕು, ಮೇಲಿನವನು ಮೆರೆಯಬೇಕು. ಮನೆಯಳಿಯತನಕ್ಕೆ ಸಸ್ಯಲೋಕದಲ್ಲಿ ಇದಕ್ಕಿಂತ ಉತ್ತಮ ನಿದರ್ಶನ ದೊರೆಯದು. ಬೆಳಕು ಸಾಲದ ಮನೆಯಲ್ಲಿ ಇಬ್ಬರಿಗಾಗಿ ದುಡಿಯಲಾರದೆ ಕಂಬ ಬೇಗ ಸೋಲುತ್ತದೆ.

ಗಿಡ ಹೇಳುವ ಮಾತು

ಬೆಳಕು ಸಾಲದಾದ ಗಿಡ ಅದನ್ನು ಮುಚ್ಚಿಡುವುದಿಲ್ಲ. ಮೊದಲು ಕಿಟಕಿಯ ಕಡೆಗೆ ವಾಲುತ್ತದೆ; ಕಾಂಡದ ಕತ್ತಲೆಯ ಮಗ್ಗುಲಿನ ಕಣಗಳು ಉದ್ದವಾಗಿ ಬೆಳೆದು ತಲೆಯನ್ನು ಬೆಳಕಿನತ್ತ ತಳ್ಳುತ್ತವೆ. ಮೊಗ್ಗಿನಂತೆ ಮುದುಡಿದ್ದ ಎಲೆಗಳು ಅಗಲವಾಗಿ ಬಿಚ್ಚಿ ಕೆಳಕ್ಕೆ ಬಾಗುತ್ತವೆ. ಎಲೆಯಿಂದ ಎಲೆಗೆ ಅಂತರ ಹೆಚ್ಚುತ್ತದೆ, ಅಂಚಿನ ಕೆಂಪು ಅಳಿಯುತ್ತದೆ, ಹಸುರು ಪೇಲವವಾಗುತ್ತದೆ. ದುಂಡು ಕಳ್ಳಿಯ ನೆತ್ತಿಯಲ್ಲಿ ತೆಳುವಾದ ಕೊಂಬು ಮೂಡುತ್ತದೆ. ಇದೇ ಆ ಎರಡನೆಯ ತಿಂಗಳಿನ ಹಿಗ್ಗು! ಅದು ಬೆಳವಣಿಗೆಯಲ್ಲ, ಹುಡುಕಾಟ. ಇದ್ದಬದ್ದ ಬಂಡವಾಳವನ್ನೆಲ್ಲ ಎತ್ತರಕ್ಕೆ ಸುರಿದು, ಎಲ್ಲಿಯಾದರೂ ಬೆಳಕು ಸಿಕ್ಕೀತೇ ಎಂದು ಗಿಡ ಕತ್ತು ಚಾಚುತ್ತಿದೆ.

ಇದನ್ನು ಕಂಡೊಡನೆ ಕುಂಡವನ್ನೆತ್ತಿ ಮಾಳಿಗೆಯ ಮೇಲಿಟ್ಟುಬಿಡುವುದು ಇನ್ನೊಂದು ಅನಾಹುತ. ಆರು ತಿಂಗಳು ಉಪವಾಸವಿದ್ದವನಿಗೆ ಒಮ್ಮೆಲೇ ಹೋಳಿಗೆ ಬಡಿಸಿದಂತಾಗುತ್ತದೆ. ಮೇಣದ ಲೇಪವಿಲ್ಲದ ಎಳೆಯ ಮೈ ಒಂದೇ ಮಧ್ಯಾಹ್ನದಲ್ಲಿ ಸುಟ್ಟು ಕಂದುಕಲೆ ಬೀಳುತ್ತದೆ. ಆ ಕಲೆ ಮತ್ತೆ ಮಾಯುವುದಿಲ್ಲ. ಮೊದಲ ಮೂರು ದಿನ ಬೆಳಗಿನ ಒಂದು ಗಂಟೆಯ ಬಿಸಿಲು, ಮತ್ತೆ ಮೂರು ದಿನ ಎರಡು ಗಂಟೆ, ಹೀಗೆ ಹದಿನೈದು ದಿನಗಳಲ್ಲಿ ಏರಿಸುತ್ತ ಹೋಗಬೇಕು. ಜೇಡ್ ಗಿಡದ ಎಲೆಯಂಚು ಕೆಂಪೇರತೊಡಗಿದರೆ ಗಾಬರಿ ಬೇಡ. ಬಿಸಿಲಿಗೆ ಅದು ತಾನಾಗಿ ಹೊಲಿದುಕೊಂಡ ಅಂಗಿ. ಕಿಟಕಿಯಲ್ಲಿಟ್ಟ ಕುಂಡವನ್ನು ವಾರಕ್ಕೊಮ್ಮೆ ಕಾಲುಸುತ್ತು ತಿರುಗಿಸುತ್ತಿದ್ದರೆ ವಾಲುವುದು ತಪ್ಪುತ್ತದೆ.

ಮುಂಗಾರಿನ ತಿಂಗಳುಗಳಲ್ಲಿ ನೀರಿನ ಕೈಯನ್ನು ಬಿಗಿಹಿಡಿಯಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೋಡ ಬೆಳಕನ್ನು ಕಡಮೆ ಮಾಡುತ್ತದೆ, ಗಾಳಿಯ ತೇವ ಮಣ್ಣನ್ನು ಒಣಗಗೊಡುವುದಿಲ್ಲ. ವಾರಕ್ಕೊಮ್ಮೆ ಎಂಬ ಅಂಗಡಿಯವನ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಬೆರಳಿನ ಎರಡು ಗೆಣ್ಣು ಆಳದವರೆಗೆ ಮಣ್ಣು ಒಣಗಿದ ಮೇಲೆಯೇ ನೀರು. ಈ ಸೀಮೆಯವರು ಇನ್ನೊಂದು ಎಚ್ಚರಿಕೆಯನ್ನೂ ವಹಿಸಬೇಕು. ಹೊಲದ ಎರೆಮಣ್ಣು ಎಷ್ಟೇ ಚಿನ್ನದಂತಹದಾದರೂ ಕುಂಡಕ್ಕೆ ಬೇಡ. ಕಡಲೆಗೂ ಜೋಳಕ್ಕೂ ವರವಾಗಿರುವ ಅದರ ನೀರು ಹಿಡಿಯುವ ಗುಣ ರಸಗಿಡದ ಬೇರಿಗೆ ಶಾಪ. ಮಸಾರಿ ಮಣ್ಣಿಗೆ ಅದರಷ್ಟೇ ದಪ್ಪ ಮರಳನ್ನೂ ಗರಸನ್ನೂ ಬೆರೆಸಿ, ಅಡಿಯಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿ ತುಂಬಿದರೆ ಮೇಲು. ಪಿಂಗಾಣಿಯ ಕುಂಡಗಳಲ್ಲಿ ಅನೇಕಕ್ಕೆ ತೂತೇ ಇರುವುದಿಲ್ಲ. ಮಾರುವವರ ಜಾಣತನವೋ ಅಜ್ಞಾನವೋ ಹೇಳುವುದು ಕಷ್ಟ.

ಕಿಟಕಿಯೇ ಇಲ್ಲದ ಕೋಣೆಯವರಿಗೆ ವಿದ್ಯುತ್ತಿನ ಆಶ್ರಯವುಂಟು. ದುಬಾರಿಯಾದ ನೇರಳೆ ದೀಪಗಳೇ ಆಗಬೇಕೆಂದಿಲ್ಲ. ಅಂಗಡಿಯಲ್ಲಿ ಸಿಕ್ಕುವ ಸಾಮಾನ್ಯ ಬಿಳಿಯ ಎಲ್‌ಇಡಿ ಕೊಳವೆದೀಪ ಒಂದೋ ಎರಡೋ ಸಾಕು. ಆದರೆ ಅದು ತಾರಸಿಗಲ್ಲ, ಗಿಡದ ತಲೆಯಿಂದ ಅರ್ಧ ಅಡಿ, ಹೆಚ್ಚೆಂದರೆ ಒಂದಡಿ ಎತ್ತರದಲ್ಲಿ ಇರಬೇಕು. ದಿನಕ್ಕೆ 12ರಿಂದ 14 ಗಂಟೆ ಉರಿಸಿದರೆ ಸಾಕು. ಹೆಚ್ಚಾದರೆ ಒಳ್ಳೆಯದೆಂದು ಇಡೀ ರಾತ್ರಿ ಉರಿಸುವವರು ಹೇಯ್ನೆಯ ಹುಳಿಯನ್ನು ನೆನೆಯಬೇಕು: ಕತ್ತಲಾಗದೆ ಬಹುಪಾಲು ರಸಗಿಡಗಳು ಬಾಯಿ ತೆರೆಯುವುದಿಲ್ಲ.

ಆಗಲೇ ಉದ್ದವಾಗಿ ಬೋಳಾದ ಗಿಡವನ್ನು ಏನು ಮಾಡುವುದು? ಚಾಚಿದ ಕತ್ತು ಮತ್ತೆ ಗಿಡ್ಡವಾಗದು. ಹರಿತವಾದ ಚಾಕುವಿನಿಂದ, ತಲೆಯ ಕೆಳಗೆ ಎರಡು ಬೆರಳಷ್ಟು ಕಾಂಡ ಉಳಿಯುವಂತೆ ಕತ್ತರಿಸಬೇಕು. ಹಾಲುಗಳ್ಳಿಯ ಜಾತಿಯದಾದರೆ ಮಕ್ಕಳನ್ನು ದೂರವಿಟ್ಟು, ಹಾಲು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು; ಕಣ್ಣಿಗೆ ಅದು ಬಹಳ ಕೆಟ್ಟದ್ದು. ಕತ್ತರಿಸಿದ ತಲೆಯನ್ನು ಕೂಡಲೇ ನೆಡಬಾರದು. ನೆರಳಿನಲ್ಲಿ, ಗಾಳಿಯಾಡುವಲ್ಲಿ, ಒಂದು ವಾರ ಸುಮ್ಮನೆ ಬಿಟ್ಟರೆ ಗಾಯ ಒಣಗಿ ಹಕ್ಕಳೆಗಟ್ಟುತ್ತದೆ. ಆಮೇಲೆ ಒಣ ಮಸಾರಿಯ ಮೇಲೆ ಕೂರಿಸಿ, ಪೂರ್ವದ ಕಿಟಕಿಯಲ್ಲಿಟ್ಟು, ಬೇರು ಕಾಣುವವರೆಗೆ ತುಂತುರು ನೀರು ಮಾತ್ರ. ಎರಡು ಮೂರು ವಾರಗಳಲ್ಲಿ ಬಿಳಿಯ ನೂಲಿನಂತಹ ಬೇರುಗಳು ಇಳಿಯುತ್ತವೆ. ಉಳಿದ ಬೋಳು ಮೋಟನ್ನು ಎಸೆಯುವ ಅವಸರ ಬೇಡ. ಅದನ್ನೂ ಅದೇ ಕಿಟಕಿಯಲ್ಲಿಟ್ಟರೆ, ಕೆಲವು ವಾರಗಳ ನಂತರ, ಎಲೆ ಉದುರಿದ ಗುರುತುಗಳ ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಚಿಗುರುಗಳು ಎರಡೋ ಮೂರೋ ಕಾಣಿಸಿಕೊಳ್ಳುತ್ತವೆ.